ಕೇಳಿ ನಿಮ್ಮ ಅಕ್ಕನ್ನ: ಈ ಸಲ ಹ್ಯಾಲೋವೀನ್ ಮನೆಯೊಳಗೇ (ಅಕ್ಟೋಬರ್ 2020)

ಪ್ರಶ್ನೆ: ಅಕ್ಕಾ, ಮಕ್ಕಳಿಗೆ ಆರು ಮತ್ತು ಒಂಬತ್ತು ವರ್ಷ. ಕೊರೋನಾ ಅಂತ ಮಾರ್ಚಿಂದ ಮನೇಲೇ ಇದಾರೆ, ಸ್ಕೂಲೂ ಲ್ಯಾಪ್‌ಟಾಪಲ್ಲೇ. ಕಾಸ್ಟ್ಯೂಮ್ ತಂದಾಗಿದೆ, ಆದ್ರೆ ಹ್ಯಾಲೋವೀನ್ ರಾತ್ರಿ ಕ್ಯಾಂಡಿಗೆ ಅಂತ ಮನೆಮನೆಗೆ ಕಳ್ಸೋಕೆ ಧೈರ್ಯ ಇಲ್ಲ. ಏನ್ ಮಾಡ್ಲಿ?
– ಒಬ್ಬ ಅಮ್ಮ, ಎಡಿಸನ್, ನ್ಯೂಜೆರ್ಸಿ

ಕಳಿಸ್ಬೇಡಿ ಬಿಡಿ. ಮನೆಮನೆಗೆ ಹೋಗಿ ಕೈಯಿಂದ ಕೈಗೆ ಕ್ಯಾಂಡಿ ಇಸ್ಕೊಳ್ಳೋದನ್ನ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯವ್ರೇ ಈ ವರ್ಷ ಜಾಸ್ತಿ ಅಪಾಯದ ಪಟ್ಟಿಗೆ ಹಾಕಿದಾರೆ. ಆದ್ರೆ ಒಂದು ಮಾತು, ಮಕ್ಕಳಿಗೆ ಹ್ಯಾಲೋವೀನ್ ಅಂದ್ರೆ ಬರೀ ಕ್ಯಾಂಡಿ ಅಲ್ಲ, ಕತ್ತಲಲ್ಲಿ ಒಂದು ಬಾಗಿಲು ತಟ್ಟಿ ಒಳಗಿಂದ ಯಾರು ಬರ್ತಾರೋ ಅಂತ ಕಾಯೋದಿದ್ಯಲ್ಲ, ಅದೇ ಮಜಾ. ಬಾಗಿಲು ನಿಮ್ಮನೇಲೂ ಇದೆ ತಾನೇ? ಬೆಡ್‌ರೂಮು, ಬಾತ್‌ರೂಮು, ಗರಾಜು, ಬಟ್ಟೆ ಕ್ಲಾಸೆಟ್ಟು, ಎಲ್ಲಾ ಸೇರಿದ್ರೆ ಐದಾರು ಆಗತ್ತೆ. ದೀಪ ಎಲ್ಲಾ ಆರ್ಸಿ, ಮಕ್ಕಳ ಕೈಗೆ ಒಂದೊಂದು ಟಾರ್ಚು ಕೊಡಿ. ಒಂದು ಬಾಗಿಲ ಹಿಂದೆ ನೀವು, ಇನ್ನೊಂದರ ಹಿಂದೆ ಅವರಪ್ಪ, ಅವ್ರು ತಟ್ಟಿ ಮುಗಿಸೋದ್ರೊಳಗೆ ನೀವು ಓಡಿ ಮೂರನೇ ಬಾಗಿಲಿಗೆ ಹೋಗಿ ಬೇರೆ ಶಾಲು ಹೊದ್ದು ಬೇರೆ ದನಿ ಮಾಡ್ಬೇಕು. ಒಂದು ಬಾಗಿಲ ಹಿಂದೆ ಮಾತ್ರ ಯಾರೂ ಇರಬಾರದು, ಫೋನಲ್ಲಿ ಬಾಗಿಲು ಕಿರ್ ಅನ್ನೋ ಸದ್ದು ಹಾಕಿಟ್ಬಿಡಿ ಸಾಕು. ಆರು ವರ್ಷದ್ದು ತುಂಬಾ ಹೆದರೋ ಮಗು ಆದ್ರೆ ಈ ಬಾಗಿಲು ಬೇಡ, ರಾತ್ರಿ ನಿದ್ದೆ ಕೆಡೋದು ನಿಮ್ದೇ.

31ನೇ ತಾರೀಕು ಶನಿವಾರ, ಬೆಳಗ್ಗೆ ಕ್ಲಾಸ್ ತಲೆನೋವಿಲ್ಲ. ಮೇಲಾಗಿ ಅವತ್ತು ಹುಣ್ಣಿಮೆ, ಅಕ್ಟೋಬರಲ್ಲಿ ಇದು ಎರಡನೇದು, ಅದಕ್ಕೇ ಬ್ಲೂ ಮೂನ್ ಅಂತಿದಾರೆ. ನೀಲಿಯಾಗೇನೂ ಕಾಣಲ್ಲ, ಮಕ್ಕಳಿಗೆ ಮುಂಚೆನೇ ಹೇಳ್ಬಿಡಿ. ಮೋಡ ಇಲ್ಲದಿದ್ರೆ ಕಾಸ್ಟ್ಯೂಮ್ ಹಾಕಿಸ್ಕೊಂಡು ಹಿತ್ತಲಲ್ಲಿ ಒಂದು ರೌಂಡ್ ಹಾಕ್ಸಿ.

ಪಕ್ಕದ ಮನೆ ಮಕ್ಕಳಿಗೆ ಏನಾದ್ರೂ ಕೊಡ್ಲೇಬೇಕು ಅನ್ಸಿದ್ರೆ ಕೈ ತೊಳ್ಕೊಂಡು ಸಣ್ಣಸಣ್ಣ ಪೊಟ್ಟಣ ಕಟ್ಟಿ ಡ್ರೈವ್‌ವೇ ತುದೀಲಿ ಸಾಲಾಗಿ ಇಟ್ಬಿಡಿ, ಅವ್ರೇ ಎತ್ಕೊಂಡು ಹೋಗ್ತಾರೆ. ಕೆಲವ್ರು ಆರಡಿ ಪಿವಿಸಿ ಪೈಪನ್ನ ಮೆಟ್ಟಿಲ ಕಂಬಿಗೆ ಕಟ್ಟಿ ಮೇಲಿಂದ ಕ್ಯಾಂಡಿ ಜಾರಿಸ್ತಿದಾರೆ. ನಂಗಂತೂ ಈ ವರ್ಷದ ಐಡಿಯಾಗಳಲ್ಲಿ ಇದೇ ತುಂಬಾ ಇಷ್ಟ ಆಗಿದ್ದು.

ಪ್ರಶ್ನೆ: ಮಗ ಸೂಪರ್‌ಹೀರೋ ಪ್ಲಾಸ್ಟಿಕ್ ಮುಖವಾಡ ಹಾಕ್ಕೋತೀನಿ, ಮತ್ತೆ ಬಟ್ಟೆ ಮಾಸ್ಕ್ ಯಾಕೆ ಅಂತಾನೆ.
– ಸಿಯಾಟಲ್

ಪ್ಲಾಸ್ಟಿಕ್ ಮುಖವಾಡದಲ್ಲಿ ಮೂಗು ಬಾಯಿ ಹತ್ರ ತೂತು ಇರತ್ತಲ್ಲ, ಅದು ಕೊರೋನಾಗೆ ಲೆಕ್ಕಕ್ಕಿಲ್ಲ. ಹಾಗಂತ ಎರಡನ್ನೂ ಒಂದರ ಮೇಲೊಂದು ಹಾಕ್ಬೇಡಿ, ಮಗುಗೆ ಉಸಿರಾಡೋಕೆ ಕಷ್ಟ. ಬಟ್ಟೆ ಮಾಸ್ಕಿನ ಮೇಲೇ ಬಣ್ಣ ಬರೀರಿ, ಕೋರೆಹಲ್ಲೂ ಬರೀಬೋದು. ಮನೆಯೊಳಗೆ ಮನೆಯವ್ರಷ್ಟೇ ಇದ್ರೆ ಯಾವ್ದು ಬೇಕಾದ್ರೂ ಹಾಕ್ಕೊಳ್ಲಿ.

ಪ್ರಶ್ನೆ: ಹೋದ ವರ್ಷ ಕೆತ್ತಿದ ಕುಂಬಳಕಾಯಿ ಹಬ್ಬಕ್ಕೆ ಮುಂಚೆನೇ ಬೂಸ್ಟು ಹಿಡೀತು. ಒಳಗಿನ ತಿರುಳಲ್ಲಿ ಹುಳಿ ಮಾಡ್ಬೋದಾ? ಎಸೆಯೋಕೆ ಮನಸ್ಸೇ ಬರಲ್ಲ.
– ಒಬ್ಬ ಗೃಹಿಣಿ, ಚಿಕಾಗೋ ಹತ್ರ

ಬೇಗ ಕೆತ್ತಿರ್ತೀರಿ. ಕೆತ್ತಿದ್ಮೇಲೆ ಅದು ಹೆಚ್ಚಂದ್ರೆ ಒಂದು ವಾರ, ಬೆಚ್ಚಗಿದ್ರೆ ಅಷ್ಟೂ ಇಲ್ಲ, ಈ ಸಲ 29 ಅಥವಾ 30ಕ್ಕೆ ಕೂತ್ಕೊಳ್ಳಿ. ಮೇಲಿನ ಮುಚ್ಚಳ ಕೊಯ್ಯುವಾಗ ಚಾಕು ಓರೆ ಹಿಡೀರಿ, ನೇರ ಕೊಯ್ದ್ರೆ ಮುಚ್ಚಳ ಒಳಗೇ ಬಿದ್ದು ಹೋಗತ್ತೆ. ಒಳಗಿನ ನಾರೆಲ್ಲಾ ಚಮಚದಲ್ಲಿ ಕೆರೆದು ತೆಗೀರಿ, ಬೂಸ್ಟು ಬರೋದು ಆ ಒದ್ದೆ ನಾರಿಂದಾನೇ. ಕೊಯ್ದ ಅಂಚಿಗೆ ಸ್ವಲ್ಪ ವ್ಯಾಸಲೀನ್ ಸವರಿದ್ರೆ ಬೇಗ ಮುರುಟಲ್ಲ. ಮೇಣದ ಬತ್ತಿ ಬದ್ಲು ಬ್ಯಾಟರಿ ದೀಪ ಇಡಿ, ಬತ್ತಿ ಶಾಖಕ್ಕೆ ಕಾಯಿ ಒಳಗೊಳಗೇ ಬೇಯತ್ತೆ. ಅಳಿಲು ಬಂದು ಕಣ್ಣು ಮೂಗು ತಿಂದು ಹೋದ್ರೆ ಮಾತ್ರ ನಂಗೆ ಕಾಗದ ಬರೀಬೇಡಿ.

ಹುಳಿ ವಿಷ್ಯ. ಮಾಡ್ಬೋದು, ಆದ್ರೆ ಕೆತ್ತೋಕೆ ಅಂತ ಮಾರೋ ದೊಡ್ಡ ಕಾಯಿ ನೀರು ನೀರು, ರುಚಿ ಕಮ್ಮಿ. ಪೈ ಪಂಪ್ಕಿನ್ ಅಂತ ಸಣ್ಣದು ಸಿಗತ್ತೆ, ಹುಳಿಗೆ ಅದು ತಗೊಳ್ಳಿ. ದೊಡ್ಡದ್ರಲ್ಲಿ ಬಿಡಬಾರದ್ದು ಬೀಜ. ತೊಳೆದು ಚೆನ್ನಾಗಿ ಒರೆಸಿ, ಎಣ್ಣೆ, ಉಪ್ಪು, ಅಚ್ಚಖಾರದ ಪುಡಿ, ಚಿಟಿಕೆ ಇಂಗು ಕಲ್ಸಿ ಅವನ್‌ನಲ್ಲಿ 350 ಡಿಗ್ರಿ ಫ್ಯಾರನ್‌ಹೀಟ್‌ಗೆ ಹದಿನೈದಿಪ್ಪತ್ತು ನಿಮಿಷ, ಮಧ್ಯ ಒಂದ್ಸಲ ಕೈಯಾಡ್ಸಿ. ಕೆತ್ತಿ ಹೊರಗೆ ಇಟ್ಟಿದ್ದ ಕಾಯನ್ನ ಮಾತ್ರ ತಿರುಗಿ ಅಡುಗೆಮನೆಗೆ ತರ್ಬೇಡಿ.

ಪ್ರಶ್ನೆ: ಮಗಳು ಡಾಲಸ್‌ನಲ್ಲಿದಾಳೆ. ಅಧಿಕ ಮಾಸ ಮುಗೀತು, ನವರಾತ್ರಿ ಮುಗೀತು, ಈಗ ಮೊಮ್ಮಕ್ಕಳಿಗೆ ದೆವ್ವದ ವೇಷ ಅಂತೆ, ಬಾಗಿಲಿಗೆ ಅಸ್ಥಿಪಂಜರ ಅಂತೆ. ಇದೆಲ್ಲಾ ಒಳ್ಳೇದೇನಮ್ಮಾ?
– ಒಬ್ಬ ಅಜ್ಜಿ, ಸಾಗರ

ಅಜ್ಜೀ, ಹೊಸ ಮನೆ ಕಟ್ಟುವಾಗ ಬೂದುಗುಂಬಳಕ್ಕೆ ಕೋರೆಹಲ್ಲು, ಮೀಸೆ, ಕೆಂಪು ನಾಲಿಗೆ ಬರೆದು ನೇತು ಹಾಕಲ್ವಾ ನಾವು? ದೃಷ್ಟಿ ಬೀಳದಿರ್ಲಿ ಅಂತ. ಅವ್ರದ್ದೂ ಹಾಗೇ ಶುರುವಾಗಿದ್ದು, ಐರ್ಲೆಂಡ್ ಕಡೆ ಟರ್ನಿಪ್ ಗೆಡ್ಡೇಲಿ ಮುಖ ಕೆತ್ತಿ ಕೆಟ್ಟದ್ದನ್ನ ಓಡಿಸ್ತಿದ್ರು, ಅಮೆರಿಕಕ್ಕೆ ಬಂದ್ಮೇಲೆ ಕುಂಬಳಕಾಯಿ ಸಿಕ್ತು. ಸಾವಿನ್ ಅನ್ನೋ ಹಳೇ ಹಬ್ಬ ಅದು, ಕೊಯ್ಲು ಮುಗಿದು ಚಳಿ ಶುರುವಾಗೋ ಹೊತ್ತಿಗೆ ಸತ್ತವರು ಮನೆ ಕಡೆ ಬರ್ತಾರೆ ಅಂತ ನಂಬಿಕೆ. ಪಿತೃಪಕ್ಷದಲ್ಲಿ ಎಡೆ ಇಡೋ ನಮಗೆ ಇದೇನು ದೂರದ ಮಾತಲ್ಲ.

ಇನ್ನೊಂದು ಹೇಳ್ತೀನಿ ಕೇಳಿ, ಈ ವರ್ಷ ಅವರ ಹಬ್ಬ ಬಿದ್ದಿರೋದು ಸೀಗೆ ಹುಣ್ಣಿಮೆ ದಿನ, ಅಂದ್ರೆ ನಿಮ್ಮ ಕಡೆ ಭೂಮಿ ಹುಣ್ಣಿಮೆ. ಕೆಮ್ಮಣ್ಣು ಬಳಿದು ಚಿತ್ತಾರ ಬರೆದ ಬುಟ್ಟೀಲಿ ಅಡುಗೆ ತುಂಬ್ಕೊಂಡು ನಸುಕಲ್ಲೇ ಗದ್ದೆಗೆ ಹೋಗ್ತಾರಲ್ಲ, ಅದನ್ನ ಫೋಟೋ ತೆಗೆಸಿ ಮೊಮ್ಮಕ್ಕಳಿಗೆ ಕಳ್ಸಿ. ಅಲ್ಲಿ ಶನಿವಾರ ರಾತ್ರಿ ಎಂಟು ಗಂಟೆ ಆದಾಗ ನಿಮಗೆ ಭಾನುವಾರ ಬೆಳಗ್ಗೆ ಆರೂವರೆ. ಕಾಫಿ ಲೋಟ ಹಿಡ್ಕೊಂಡು ವಿಡಿಯೋ ಕಾಲ್ ಮಾಡಿ, ಕೊಳ್ಳಿದೆವ್ವದ ಕಥೆ ಒಂದು ಹೇಳಿ, ಇಲ್ಲಾಂದ್ರೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೀತಿದ್ವಲ್ಲ, ಅದು. ಆ ಮಕ್ಕಳ ರೂಮಿನ ಬಾಗಿಲಿಗೂ ‘ನಾಳೆ ಬಾ’ ಬರೆಸಿ, ಕನ್ನಡ ಅಕ್ಷರ ಹಂಗಾದ್ರೂ ತಿದ್ದಲಿ.

ಪ್ರಶ್ನೆ: ಯಾರೂ ಬರಲ್ಲ ಅಂತ ಗೊತ್ತಿದ್ದೂ ನಮ್ಮವ್ರು ಎರಡು ದೊಡ್ಡ ಚೀಲ ಕ್ಯಾಂಡಿ ತಂದಿದಾರೆ. ಏನ್ ಮಾಡೋದು?
– ಫ್ರೀಮಾಂಟ್

ಒಂದನ್ನ ಒಡೀದೆ ಅಟ್ಟದ ಮೇಲೆ ಇಡಿ, ದೀಪಾವಳಿ ನವೆಂಬರ್ 14ಕ್ಕೇ ಇದೆ. ಇನ್ನೊಂದು ಎಲ್ಲಿಟ್ರೂ ನಿಮ್ಮವ್ರು ಹುಡುಕ್ತಾರೆ.