ಮನೆಯಲ್ಲಿ ಬಿಯರ್ ಮಾಡುವ ಎಲೆಕ್ಟ್ರಿಕ್ ಬಾಯ್ಲರ್ ಕುದಿಯುವ ನಡುವೆಯೇ ಆಫ್ ಆಗುವುದೇಕೆ?

ಸಾಮಾನ್ಯ ಕಾರಣ: ತಳ ಹಿಡಿದಿರುತ್ತದೆ. ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ರಸದ ಹಿಟ್ಟು, ಸಕ್ಕರೆ ತಳದಲ್ಲಿ ಕೂತು ಸೀದರೆ ಶಾಖ ಮೇಲಿನ ರಸಕ್ಕೆ ಸರಿಯಾಗಿ ದಾಟುವುದಿಲ್ಲ. ತಳದ ಬಿಸಿ ತಟ್ಟೆ ವಿಪರೀತ ಕಾದು, ಬಾಯ್ಲರ್ ಖಾಲಿಯಾಗಿದೆ ಎಂಬಂತೆ ಸುರಕ್ಷತಾ ಕಟೌಟ್ (ಅತಿಯಾಗಿ ಕಾದರೆ ವಿದ್ಯುತ್ ಕಡಿಯುವ ಸ್ವಿಚ್) ಟ್ರಿಪ್ ಆಗುತ್ತದೆ.

ಪ್ಲಗ್ ಕಿತ್ತು, ಆರಲು ಬಿಡಿ. ಸ್ಟೀಲ್ ತಳವಾದರೆ ಲೀಟರ್ ಬಿಸಿನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ ಹಾಕಿ ಅರ್ಧ ಗಂಟೆ ನೆನೆಸಿ, ಉಜ್ಜಿ ತೊಳೆಯಿರಿ. (ಬಿಳಿ ಸುಣ್ಣದ ಪದರಕ್ಕಾದರೆ ಸಿಟ್ರಿಕ್ ಆಮ್ಲ.) ಬಹಳಷ್ಟು ಮಾದರಿಗಳಲ್ಲಿ ರೀಸೆಟ್ ಗುಂಡಿ ಅಡಿಭಾಗದಲ್ಲಿರುತ್ತದೆ, ಒತ್ತಿ.

ಆಮೇಲೂ ಕಾಯದಿದ್ದರೆ ಪ್ಲಗ್ ಕಿತ್ತು, ವೈರ್ ಬಿಡಿಸಿ ಕಾಯಿಲ್ ಅನ್ನು ಮಲ್ಟಿಮೀಟರ್‌ನಲ್ಲಿ ನೋಡಿ: 230 ವೋಲ್ಟ್, 2500 ವ್ಯಾಟ್‌ನದಕ್ಕೆ ಸುಮಾರು 21 ಓಮ್ ಬರಬೇಕು. ಏನೂ ತೋರಿಸದಿದ್ದರೆ ಕಾಯಿಲ್ ಸುಟ್ಟಿದೆ. ಕಟೌಟನ್ನು ಬಿಟ್ಟು ವೈರ್ ಮಾತ್ರ ಎಂದಿಗೂ ನೇರ ಜೋಡಿಸಬೇಡಿ, ಬೆಂಕಿ ತಡೆಯುವುದು ಅದೇ.