ನಮ್ಮ ದೇಹ ವಿಟಮಿನ್ ಸಿ ಯಾಕೆ ತಯಾರು ಮಾಡ್ಕೊಳ್ಳಲ್ಲ? ಇದಕ್ಕೂ ವಿಕಾಸಕ್ಕೂ ಏನು ಸಂಬಂಧ?

ಅದಕ್ಕೆ ಬೇಕಾದ ಜೀನ್ ನಮ್ಮಲ್ಲೂ ಇದೆ, ಆದ್ರೆ ಕೆಟ್ಟು ಕೂತಿದೆ. ನಾಯಿ, ಬೆಕ್ಕು, ಹಸು, ಇಲಿ ಇವೆಲ್ಲ ಲಿವರ್‌ನಲ್ಲೇ ಗ್ಲೂಕೋಸ್‌ನಿಂದ ವಿಟಮಿನ್ ಸಿ ಮಾಡ್ಕೊಳ್ತವೆ, ಅದರ ಕೊನೇ ಹಂತದ ಎಂಜೈಮ್‌ಗೆ ಬೇಕಿರೋದು ಗುಲೋ ಅನ್ನೋ ಜೀನ್, ನಮ್ಮಲ್ಲಿ ಅದರ ಎಷ್ಟೋ ತುಂಡುಗಳು ಕಳೆದುಹೋಗಿ 8ನೇ ಕ್ರೋಮೋಸೋಮ್‌ನಲ್ಲಿ ಬರೀ ಅವಶೇಷ ಉಳ್ಕೊಂಡಿದೆ. ಚಿಂಪಾಂಜಿ, ಗೊರಿಲ್ಲಾ, ಕೋತಿಗಳಲ್ಲೂ ಇದೇ ಜೀನ್ ಕೆಟ್ಟಿದೆ, ಅಂದ್ರೆ ನಮ್ಮೆಲ್ಲರ ಪೂರ್ವಜರಲ್ಲೇ ಹಾಳಾಗಿ ವಂಶದಲ್ಲಿ ಇಳಿದು ಬಂದಿದೆ. ಗಿನಿಪಿಗ್‌ಗೂ ಇದು ಕೆಲಸ ಮಾಡಲ್ಲ, ಆದ್ರೆ ಅದರಲ್ಲಿ ಜೀನ್ ಹಾಳಾಗಿರೋ ರೀತಿನೇ ಬೇರೆ, ಅಲ್ಲಿ ಪ್ರತ್ಯೇಕವಾಗಿ ಆಗಿರೋದು. ವಿಕಾಸಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ನನಗಂತೂ ಕಂಡಿಲ್ಲ.

ಹಣ್ಣು, ಎಲೆ ತಿಂತಿದ್ದ ಪೂರ್ವಜರಿಗೆ ಈ ನಷ್ಟ ತಟ್ಟಲೇ ಇಲ್ಲ. ಅವು ಸಿಗದೆ ತಿಂಗಳುಗಟ್ಟಲೆ ಹಡಗಲ್ಲಿದ್ದ ನಾವಿಕರಂಥವರಿಗೆ ವಿಟಮಿನ್ ಸಿ ಕೊರತೆಯಿಂದ ಸ್ಕರ್ವಿ ಅನ್ನೋ ಕಾಯಿಲೆ ಬಂದು, ವಸಡಲ್ಲಿ ರಕ್ತ ಸುರಿದು, ವಾಸಿಯಾಗಿದ್ದ ಹಳೇ ಗಾಯಗಳೂ ಬಿಚ್ಕೊಂಡು ಎಷ್ಟೋ ಜನ ಸತ್ತೇ ಹೋದ್ರು.

ಹೀಗೆ ಒಂದು ಜೀನ್ ಕೆಟ್ಟ ಮಾತ್ರಕ್ಕೆ ಪ್ರಭೇದ ಅಳಿಯಲ್ಲ, ಅದರ ಉಳಿವಿಗೆ ದೊಡ್ಡ ಅಪಾಯ ಜೀನ್‌ಗಳಲ್ಲಿ ವೈವಿಧ್ಯ ಇಲ್ದಿರೋದು. ಚೀತಾಗಳು ಎಷ್ಟು ಒಂದೇ ಥರ ಅಂದ್ರೆ ಸಂಬಂಧವೇ ಇಲ್ಲದ ಇನ್ನೊಂದು ಚೀತಾದ ಚರ್ಮ ಕಸಿ ಮಾಡಿದಾಗ್ಲೂ ದೇಹ ಅದನ್ನ ಬೇಗ ತಿರಸ್ಕರಿಸಲಿಲ್ಲ, ಹೀಗಿರುವಾಗ ಒಂದಕ್ಕೆ ಮಾರಕವಾದ ವೈರಸ್ ಎಲ್ಲವನ್ನೂ ಒಟ್ಟಿಗೆ ಹೊಡೆಯಬಹುದು.