ಓದುಗರ ಪ್ರಶ್ನೆ: ಮಾರ್ಟ್‌ಗೇಜ್ ಅರೇಂಜ್‌ಮೆಂಟ್ ಫೀ ವಾಪಸ್ ಸಿಗುತ್ತದೆಯೇ?

ಪ್ರಶ್ನೆ: ಇಂಗ್ಲೆಂಡಿನಲ್ಲಿ ಮನೆ ಕೊಳ್ಳುವಾಗ ಮಾರ್ಟ್‌ಗೇಜ್ (ಮನೆ ಸಾಲ) ಏರ್ಪಡಿಸಿದ್ದಕ್ಕೆಂದು ಬ್ಯಾಂಕು 999 ಪೌಂಡ್ ಅರೇಂಜ್‌ಮೆಂಟ್ ಫೀ ಹಾಕಿ ಸಾಲಕ್ಕೇ ಸೇರಿಸಿತು. ನಾಲ್ಕು ಕಾಗದ ನೋಡುವುದಕ್ಕೆ ಇಷ್ಟು ದುಡ್ಡೇ? ಅನ್ಯಾಯದ ಶುಲ್ಕವೆಂದು ಪ್ರಶ್ನಿಸಬಹುದೇ?
– ಓದುಗರೊಬ್ಬರು, ರೆಡಿಂಗ್

ಉತ್ತರ: ‘ಮೊತ್ತ ಜಾಸ್ತಿಯಾಯಿತು’ ಎಂಬುದೊಂದೇ ತಕರಾರಾದರೆ ಗೆಲ್ಲುವುದು ಕಷ್ಟ. ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ 64ನೇ ಸೆಕ್ಷನ್ ಪ್ರಕಾರ, ಬೆಲೆಯನ್ನು ಅರ್ಥವಾಗುವ ಮಾತಿನಲ್ಲಿ, ಎದ್ದು ಕಾಣುವಂತೆ ತಿಳಿಸಿದ್ದರೆ, ಅದು ಕೊಟ್ಟ ಸೇವೆಗೆ ತಕ್ಕದ್ದೇ ಎಂದು ಕೋರ್ಟು ಅಳೆಯುವಂತಿಲ್ಲ. ಅದಕ್ಕೂ ಹಿಂದಿನ ಸಾಲಗಳಿಗೆ ಅನ್ವಯಿಸುವ 1999ರ ನಿಯಮಗಳಲ್ಲೂ ಹೆಚ್ಚುಕಡಿಮೆ ಇದೇ ಇತ್ತು. ಓವರ್‌ಡ್ರಾಫ್ಟ್ ಶುಲ್ಕಗಳ (ಖಾತೆಯಲ್ಲಿರುವುದಕ್ಕಿಂತ ಹೆಚ್ಚು ಹಣ ತೆಗೆದಾಗ ಬೀಳುವವು) ಬಗ್ಗೆ, ಗ್ರಾಹಕರ ಹಿತ ನೋಡುತ್ತಿದ್ದ ಆಗಿನ ಸರ್ಕಾರಿ ಸಂಸ್ಥೆ ಆಫೀಸ್ ಆಫ್ ಫೇರ್ ಟ್ರೇಡಿಂಗ್ ಅಬ್ಬೆ ನ್ಯಾಷನಲ್ ಮತ್ತಿತರ ಬ್ಯಾಂಕುಗಳ ವಿರುದ್ಧ ನಡೆಸಿದ ಮೊಕದ್ದಮೆ 2009ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋದದ್ದು ಈ ಕಾರಣಕ್ಕೇ. ಕೆಲವರಿಗಷ್ಟೇ, ಎಂದೋ ಒಮ್ಮೆ ಬೀಳುವ ಆ ಶುಲ್ಕವೇ ‘ಬೆಲೆಯ ಭಾಗ’ ಎನಿಸಿಕೊಂಡ ಮೇಲೆ, ಸಾಲದ ಆರಂಭದಲ್ಲೇ ಹೇಳಿ ಪಡೆಯುವ ಫೀ ಬೇರೆಯಾಗುತ್ತದೆಯೇ?

ಹಾಗಾಗಿ ಮೊತ್ತ ಬಿಡಿ, ತಿಳಿಸಿದ ರೀತಿ ಹಿಡಿಯಿರಿ. ಸಾಲಕ್ಕೆ ಮುಂಚೆ ಕೊಟ್ಟ, ಸಾಲದ ಷರತ್ತು-ಖರ್ಚುಗಳ ವಿವರವಿರುವ ಇಲಸ್ಟ್ರೇಷನ್ ಪತ್ರ ತೆಗೆಯಿರಿ. 2016ರಿಂದ ಈಚಿನ ನಮೂನೆಯಲ್ಲಿ 4ನೇ ಭಾಗದಲ್ಲಿ ಬಡ್ಡಿಯೂ ಇತರ ಖರ್ಚುಗಳೂ ಇರುತ್ತವೆ. ಅಲ್ಲಿ ಬರೆದ ಫೀಯನ್ನು ಆಫರ್ ಪತ್ರದೊಂದಿಗೂ ಸಾಲದ ಖಾತೆಯ ಮೊದಲ ಸ್ಟೇಟ್‌ಮೆಂಟಿನೊಂದಿಗೂ ತಾಳೆ ನೋಡಿ. ಪತ್ರದಲ್ಲಿಲ್ಲದ ಫೀ ಖಾತೆಯಲ್ಲಿದ್ದರೆ, ಮೊತ್ತ ಬದಲಾಗಿದ್ದರೆ, ಅಥವಾ ಸಾಲಕ್ಕೆ ಸೇರಿಸುವಂತೆ ನೀವು ಹೇಳದೆಯೇ ಸೇರಿಸಿದ್ದರೆ ದೂರಿಗೆ ನಿಜವಾದ ಬಲ ಬರುತ್ತದೆ. ವ್ಯವಹಾರ ಮುರಿದುಬಿದ್ದಿದ್ದರೆ ಫೀ ವಾಪಸ್ ಬರುತ್ತದೆಯೇ ಎಂಬ ಸಾಲು ಓದಿ. ಅರ್ಜಿಯ ಜೊತೆ ಕಟ್ಟುವ ಬುಕಿಂಗ್ ಫೀ ಸಾಮಾನ್ಯವಾಗಿ ಹೋದಂತೆಯೇ. ಸಾಲ ಕೈಸೇರುವಾಗ ಕಟ್ಟುವ ಫೀ, ಸಾಲವೇ ಆಗದಿದ್ದರೆ ಬಹುತೇಕ ಬೀಳುವುದಿಲ್ಲ.

ಮೊದಲ ದೂರು ಬ್ಯಾಂಕಿಗೇ, ಬರಹದಲ್ಲಿ: ಖಾತೆ ಸಂಖ್ಯೆ, ತಾರೀಕು, ಯಾವ ಪತ್ರದ ಯಾವ ಸಾಲು, ಎಷ್ಟು ವಾಪಸ್ ಬೇಕು. ಬ್ಯಾಂಕಿಗೆ 8 ವಾರ ಸಮಯ. ಅಂತಿಮ ಉತ್ತರ ಒಪ್ಪಿಗೆಯಾಗದಿದ್ದರೆ 6 ತಿಂಗಳೊಳಗೆ, ಬ್ಯಾಂಕುಗಳ ಮೇಲಿನ ಗ್ರಾಹಕರ ದೂರು ತೀರ್ಮಾನಿಸುವ ಫೈನಾನ್ಷಿಯಲ್ ಒಂಬುಡ್ಸ್‌ಮನ್‌ಗೆ ಹೋಗಬೇಕು. ಅದಕ್ಕೆ ಶುಲ್ಕವಿಲ್ಲ, ಪಾಲು ಕೇಳುವ ಕ್ಲೇಮ್ ಕಂಪನಿಗಳ ಹಂಗೂ ಬೇಡ. ಘಟನೆ ನಡೆದು 6 ವರ್ಷ ದಾಟಿದ್ದರೆ, ವಿಷಯ ಗೊತ್ತಾದ, ಅಥವಾ ಗೊತ್ತಾಗಬೇಕಿದ್ದ, ದಿನದಿಂದ 3 ವರ್ಷದ ಲೆಕ್ಕ ನೋಡುತ್ತಾರೆ.

ಈ ಓಡಾಟಕ್ಕಿಂತ ಮೊದಲು ಇನ್ನೊಂದು ಲೆಕ್ಕ ಮಾಡಿ. ಸಾಲಕ್ಕೆ ಸೇರಿದ 999 ಪೌಂಡಿಗೆ ಶೇ. 5ರ ಬಡ್ಡಿಯಲ್ಲಿ 25 ವರ್ಷಕ್ಕೆ ತಿಂಗಳಿಗೆ 5.84 ಪೌಂಡ್, ಒಟ್ಟು ಸುಮಾರು 1,750. ಫೀಯಷ್ಟು ಹಣವನ್ನು ಈಗಲೇ ಹೆಚ್ಚುವರಿಯಾಗಿ ಕಟ್ಟಿದರೆ ಈ ಬಡ್ಡಿಯ ಬಹುಭಾಗ ಉಳಿಯುತ್ತದೆ. ದಂಡವಿಲ್ಲದೆ ಎಷ್ಟು ಕಟ್ಟಬಹುದೆಂದು ಕೇಳಿಕೊಂಡು ಕಟ್ಟಿ.

ಪ್ರಶ್ನೆ: ಸಾಲ ತೀರಿಸುವಾಗ ಹಾಕುವ ಎಕ್ಸಿಟ್ ಫೀಗೂ ಇದೇ ಮಾತೇ?
– ಓದುಗರೊಬ್ಬರು, ಲೆಸ್ಟರ್

ಉತ್ತರ: ಅಲ್ಲ. ಸಾಲ ಕೊಟ್ಟಾಗ ಒಂದು ಮೊತ್ತ ಹೇಳಿ, ತೀರಿಸುವಾಗ ಏರಿಸಿ ಕೇಳುವ ರೂಢಿಯನ್ನು 2007ರ ಜನವರಿಯಲ್ಲಿ ಆಗಿನ ನಿಯಂತ್ರಕ ಸಂಸ್ಥೆ ಎಫ್‌ಎಸ್‌ಎ ಪ್ರಶ್ನಿಸಿತು. ಹಳೆಯ ಸಾಲವಾದರೆ ಮೂಲ ಆಫರ್ ಪತ್ರದಲ್ಲಿ ಬರೆದಿದ್ದ ಮೊತ್ತ ಹುಡುಕಿ. ಅದಕ್ಕಿಂತ ಹೆಚ್ಚು ಕಟ್ಟಿದ್ದರೆ ವ್ಯತ್ಯಾಸ ಕೇಳಿ. ಅವಧಿಗೆ ಮುಂಚೆ ತೀರಿಸಿದ್ದಕ್ಕೆ ಬೀಳುವ ದಂಡ ಇದಲ್ಲ, ಅದು ಬೇರೆ. ಅದು ಬ್ಯಾಂಕಿಗೆ ಆಗುವ ಖರ್ಚಿನ ಸಮಂಜಸ ಅಂದಾಜಾಗಿರಬೇಕು ಎಂಬ ನಿಯಮವಿದೆ. ಲೆಕ್ಕ ಹೇಗೆ ಹಾಕಿದಿರೆಂದು ಬರಹದಲ್ಲೇ ಕೇಳಿ.